ಬೀಜಕ್ಕೆ ಬಿಟ್ಟ ಹಣ್ಣು

ನನ್ನ ಓರಗಿತ್ತಿ ಪುಟ್ಟಮಾದಮ್ಮ ಕಲ್ಲಂಗಡಿಯನ್ನು ಅಂಗೈಯಿಂದ ತಟ್ಟಿ ನೋಡುವವಳಲ್ಲ. ಮೊದಲು ತೊಟ್ಟಿನ ಪಕ್ಕದ ಸುರುಳಿ ಕುಡಿ ಒಣಗಿದೆಯೋ ಇಲ್ಲವೋ ನೋಡುತ್ತಾಳೆ. ಆಮೇಲೆ ಹಣ್ಣನ್ನು, ಮಲಗಿದ ಮಗುವಿನ ಮಗ್ಗುಲು ಬದಲಿಸುವಷ್ಟು ಮಾತ್ರ ಹೊರಳಿಸಿ, ನೆಲಕ್ಕೆ ತಾಗಿಕೊಂಡಿದ್ದ ಜಾಗ ನೋಡುತ್ತಾಳೆ. ಅಲ್ಲಿ ಬಿಳುಪಿದ್ದರೆ ಹಾಗೆಯೇ ಮಲಗಿಸಿ ಮುಂದೆ ಹೋಗುತ್ತಾಳೆ. ಹಸುವಿನ ಬೆಣ್ಣೆಯ ಬಣ್ಣ ಬಂದಿದ್ದರೆ ಮಾತ್ರ ನಡುಬೆರಳನ್ನು ಹೆಬ್ಬೆರಳಿಗೆ ಸಿಕ್ಕಿಸಿ ಚಿಮ್ಮುತ್ತಾಳೆ. ಠಣ್ ಎಂದರೆ ಇನ್ನೂ ಕಾಯಿ. ಬದ್ ಎಂದರೆ ಒಳಗೆ ಕೊಳೆತು ನೀರಾಗಿದೆ. ಇವೆರಡರ ನಡುವೆ, ತುಂಬಿದ ಕೊಡದ ಹೊಟ್ಟೆಗೆ ಬೆರಳು ತಾಗಿದಂಥ ಒಂದು ಸದ್ದಿದೆ. ಅದು ಹಣ್ಣಿನ ಸದ್ದು.

ಅವಳು ಚಂದಕವಾಡಿಯಿಂದ ನಮ್ಮ ಮನೆಗೆ ಸೊಸೆಯಾಗಿ ಬಂದು ಮೂವತ್ತೊಂದು ವರ್ಷವಾಯಿತು. ನಮ್ಮದು ತೆರಕಣಾಂಬಿಯಿಂದ ಎರಡು ಮೈಲಿ ಒಳಗಿನ ಊರು. ನಾನು ಹಿರಿಸೊಸೆ, ಅವಳು ಕಿರಿಸೊಸೆ. ಒಂದೇ ಮನೆಗೆ ನಡುವೆ ಗೋಡೆ ಹಾಕಿ ಎರಡು ಮಾಡಿಕೊಂಡಿದ್ದೇವೆ, ಹಿತ್ತಿಲು ಮಾತ್ರ ಒಂದೇ. ನನ್ನ ಯಜಮಾನರು ತೀರಿಕೊಂಡು ಹನ್ನೆರಡು ವರ್ಷ. ಅವಳ ಗಂಡ ರಂಗನಾಯಕ ಇದ್ದಾನೆ, ಒಂದೂವರೆ ಎಕರೆಯಲ್ಲಿ ಅರಿಶಿನ, ಚೆಂಡು ಹೂ ಬೆಳೆಯುತ್ತಾನೆ, ಮಾತು ಜಾಸ್ತಿ. ಪುಟ್ಟಮಾದಮ್ಮನಿಗೆ ಮಾತು ಕಡಿಮೆ. ಕುಳ್ಳಗೆ, ಗಟ್ಟಿಯಾಗಿ ಇದ್ದಾಳೆ. ಎಲ್ಲಿಗೆ ಹೋದರೂ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಾಳೆ, ಹಿಂದೆ ಬರುವವರು ಓಡಿಕೊಂಡು ಬರಬೇಕು.

ಶಿವರಾತ್ರಿಯ ಆಜುಬಾಜಿಗೆ ನಮ್ಮ ಕಡೆ ಹೈಬ್ರಿಡ್ ಕಲ್ಲಂಗಡಿ ಕೊಯ್ಲು ಶುರುವಾಗುತ್ತದೆ. ಕೇರಳದ ವ್ಯಾಪಾರಿಗಳು ಹೊಲ ಹೊಲವನ್ನೇ ಗುತ್ತಿಗೆ ಹಿಡಿದು ಲಾರಿ ತರುತ್ತಾರೆ. ಅವರಿಗೆ ಪುಟ್ಟಮಾದಮ್ಮ ಬೇಕೇ ಬೇಕು. ಅವಳು ಸಾಲು ಹಿಡಿದು ಮುಂದೆ ಹೋಗುತ್ತ ಯಾವುದನ್ನು ಕೊಯ್ಯಬೇಕು ಎಂದು ಬೆರಳು ಮಾಡುವುದು, ಹಿಂದಿನಿಂದ ಗಂಡಸರು ಎರಡು ಬೆರಳಷ್ಟು ತೊಟ್ಟು ಬಿಟ್ಟು ಕೊಯ್ಯುವುದು. ತೊಟ್ಟು ಕಿತ್ತುಹೋದ ಹಣ್ಣು ದಾರಿಯಲ್ಲೇ ಕೊಳೆಯಲು ಶುರುಮಾಡುತ್ತದೆ. ವ್ಯಾಪಾರಿ ಅವಳನ್ನು ಅಕ್ಕ ಎನ್ನುವುದಕ್ಕೆ ಮಲಯಾಳದಲ್ಲಿ ಚೇಚಿ, ಚೇಚಿ ಎಂದು ಕರೆಯುತ್ತ ಲಾರಿಯ ಹತ್ತಿರವೇ ಕುಳಿತಿರುತ್ತಾನೆ. ನಾನೂ ನಾಲ್ಕೈದು ವರ್ಷ ಅವಳ ಜೊತೆ ಹೋಗಿದ್ದೆ. ಒಂದು ಸಲ ಕೊಯ್ಯುವವನೊಬ್ಬ ಕೂಗಿಕೊಂಡ.

"ಯಾಕವ್ವ ಇದ ಬುಟ್ಟು ಓದೆ? ಆನೆಮರಿ ಗಾತ್ರ ಅದೆ!"

"ಗಾತ್ರ ಇದ್ರೆ ಏನ್ಲಾ? ನಿನ್ ತಲೆನೂ ಅಷ್ಟೇ ಗಾತ್ರ ಅದೆ. ಬಾ, ಅದ್ನೂ ಚಿಮ್ಮಿ ನೋಡನ."

ಹೊಲದಲ್ಲಿ ಇದ್ದವರೆಲ್ಲ ನಕ್ಕರು. ಅವಳು ನಗಲಿಲ್ಲ, ಮುಂದಿನ ಸಾಲಿಗೆ ಹೋಗಿದ್ದಳು.

ಮನೆಯಲ್ಲಿ ಹಣ್ಣು ಇಡುವುದಕ್ಕೂ ಅವಳದೊಂದು ಕ್ರಮ. ತಂದ ಹಣ್ಣನ್ನು ತೊಳೆಯುವುದಿಲ್ಲ, ಮಣ್ಣಿದ್ದರೆ ಒಣ ಬಟ್ಟೆಯಿಂದ ಒರೆಸುತ್ತಾಳೆ. ನಡುಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ರಾಗಿ ಹುಲ್ಲು ಹಾಸಿ, ಹೊಲದಲ್ಲಿ ಯಾವ ಮಗ್ಗುಲು ಕೆಳಗಿತ್ತೋ ಅದೇ ಮಗ್ಗುಲಿಗೆ ಮಲಗಿಸುತ್ತಾಳೆ. ಒಂದರ ಮೇಲೊಂದು ಇಡುವುದಿಲ್ಲ, ಗೋಡೆಗೆ ತಾಗಿಸುವುದಿಲ್ಲ. ಹಾಗಿಟ್ಟರೆ ಹದಿನೈದು ದಿನ ಏನೂ ಆಗುವುದಿಲ್ಲ. ಕುಯ್ಯುವ ಹಿಂದಿನ ಸಂಜೆ ಬಾವಿನೀರು ತುಂಬಿದ ತೊಟ್ಟಿಗೆ ಬಿಡುತ್ತಾಳೆ, ಬೆಳಿಗ್ಗೆ ಫ್ರಿಜ್ಜಿನದಕ್ಕಿಂತ ಚೆನ್ನಾಗಿರುತ್ತದೆ. ಕೆಂಪು ತಿಂದ ಮೇಲೆ ಬಿಳಿ ತಿರುಳನ್ನು ಹೆಚ್ಚಿ ಹುಳಿಗೆ ಹಾಕುತ್ತಾಳೆ. ಹಸಿರು ಸಿಪ್ಪೆ ಹಸುವಿಗೆ. ಹೈಬ್ರಿಡ್ ಬೀಜವನ್ನು ಉಪ್ಪುನೀರು ಚಿಮುಕಿಸಿ ಹುರಿದರೆ ಸಂಜೆಗೆ ಬಾಯಾಡಿಸಲು ಆಗುತ್ತದೆ. ಬಿಸಾಡುವುದು ಅನ್ನುವುದು ಏನೂ ಇಲ್ಲ.

ಇಷ್ಟೂ ಹೈಬ್ರಿಡ್ಡಿನ ಮಾತು. ನಮ್ಮ ಮನೆಯಲ್ಲಿ ಇನ್ನೊಂದು ಕಲ್ಲಂಗಡಿ ಇತ್ತು. ಅದು ನಮ್ಮತ್ತೆಯ ಕಾಲದ ನಾಟಿ. ದುಂಡಗೆ, ತೆಳು ಹಸಿರು, ಪಟ್ಟೆ ಇಲ್ಲ. ಕುಯ್ದರೆ ಒಳಗೆ ಕಡುಕೆಂಪಲ್ಲ, ಮಾಸಲು ಗುಲಾಬಿ. ಬೀಜ ಇಟ್ಟಿಗೆ ಬಣ್ಣ, ಅಂಚಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು. ನೋಡಿದವರು ಹಣ್ಣಾಗಿಲ್ಲ ಎನ್ನುತ್ತಾರೆ, ಬಾಯಿಗಿಟ್ಟವರು ಸುಮ್ಮನಾಗುತ್ತಾರೆ. ಸಿಪ್ಪೆ ದಪ್ಪ, ಆದ್ದರಿಂದ ನೆಲುವಿನಲ್ಲಿ ತೂಗುಹಾಕಿದರೆ ಎರಡು ತಿಂಗಳು ಇರುತ್ತದೆ. ಸೂರಿನ ತೊಲೆಯಿಂದ ಇಳಿಬಿಟ್ಟ ಹಗ್ಗದ ಬುಟ್ಟಿಗೆ ನಾವು ನೆಲುವು ಎನ್ನುವುದು.

ಆ ಬೀಜವನ್ನು ನಮ್ಮತ್ತೆ ಮೊದಲು ನನ್ನ ಕೈಗೇ ಕೊಟ್ಟಿದ್ದರು, ಹಿರಿಸೊಸೆ ಎಂದು. ನಾನು ಎರಡು ವರ್ಷ ಹಾಕಿದೆ. ಮೊದಲ ವರ್ಷ ಬೇರು ಕೊಳೆಯಿತು, ಎರಡನೆಯ ವರ್ಷ ಬಳ್ಳಿ ಬಂತು, ಹಣ್ಣು ಬರಲಿಲ್ಲ. ನಮ್ಮತ್ತೆ ಒಂದು ಮಾತೂ ಬೈಯದೆ ಉಳಿದ ಬೀಜ ವಾಪಸು ಕೇಳಿ ಪುಟ್ಟಮಾದಮ್ಮನಿಗೆ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು ಎಂದು ಆಗ ಅನ್ನಿಸಿತ್ತು. ಅಂದಿನಿಂದ ಅದು ಅವಳ ಬೀಜ.

ನಮ್ಮತ್ತೆಯ ಕಟ್ಟಳೆಯನ್ನು ಅವಳು ಬಿಡಲಿಲ್ಲ. ಇದ್ದುದರಲ್ಲಿ ಒಳ್ಳೆಯ ಹಣ್ಣು ತಿನ್ನುವುದಕ್ಕಲ್ಲ, ಬೀಜಕ್ಕೆ. ಆ ಹಣ್ಣಿನ ತೊಟ್ಟಿಗೆ ಹಳೆಯ ಸೀರೆಯ ಚೂರು ಕಟ್ಟಿ ನೆಲುವಿಗೆ ಏರಿಸಿಬಿಟ್ಟರೆ ಮನೆಯಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ. ಬಳ್ಳಿಯಿಂದ ಕೊಯ್ದ ಮೇಲೂ ಒಂದು ತಿಂಗಳು ಹಾಗೆ ಇದ್ದರೆ ಬೀಜ ಒಳಗೇ ಬಲಿಯುತ್ತದೆ. ಆಮೇಲೆ ತೆಗೆದು, ನೀರಿಗೆ ಹಾಕಿ, ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ಒಲೆಬೂದಿಯಲ್ಲಿ ಉಜ್ಜಿ ನೆರಳಲ್ಲಿ ಒಣಗಿಸಿ ಗಂಟು ಕಟ್ಟುವುದು. ಚೂರು ಕಟ್ಟದ ಹಣ್ಣನ್ನು ಯಾರು ಬೇಕಾದರೂ ತಿನ್ನಬಹುದು. ನಮ್ಮ ಮನೆಯ ಹಸುಗೂಸಿಗೂ ಇದು ಗೊತ್ತು.

ಹೋದ ವರ್ಷ ಎರಡು ಕೆಲಸ ಕೆಟ್ಟವು. ಹಿಂದಿನ ಮಳೆಗಾಲದಲ್ಲಿ ಹೆಂಚು ಸರಿದು ಬೀಜದ ಗಂಟು ನೆನೆದು, ಅರ್ಧಕ್ಕರ್ಧ ಗಂಟಿನಲ್ಲೇ ಮೊಳೆತುಹೋಗಿತ್ತು. ಉಳಿದುದೆಲ್ಲವನ್ನೂ ಅವಳು ಬಿತ್ತಿಬಿಟ್ಟಳು, ಕೈಯಲ್ಲಿ ಒಂದೂ ಇಟ್ಟುಕೊಳ್ಳಲಿಲ್ಲ. ಬಿತ್ತಿದ್ದಾದರೂ ಎಲ್ಲಿ? ಸುತ್ತ ಎಲ್ಲರೂ ಹೈಬ್ರಿಡ್ ಹಾಕಿದ್ದರು. ಪಕ್ಕದಲ್ಲಿ ಹೈಬ್ರಿಡ್ ಹೂ ಬಿಟ್ಟರೆ ನಾಟಿಯ ಕುಲ ಕೆಡುತ್ತದೆ ಎಂದು ಅವಳು ಹೊಲದ ಕೊನೆಗೆ, ಕಾಡಿನ ಕಡೆಯ ಮೂಲೆಗೆ ಹಾಕಿದಳು. ಕುಲವೇನೋ ಕೆಡಲಿಲ್ಲ. ಕಾಡುಹಂದಿ ಬಂದವು. ಆರು ಹಣ್ಣಿನಲ್ಲಿ ನಾಲ್ಕನ್ನು ಒಂದೇ ಸಲಕ್ಕೆ ಮುಗಿಸಿದವು, ಐದನೆಯದನ್ನು ನವಿಲು ಕುಕ್ಕಿತು. ಉಳಿದ ಒಂದನ್ನು ಅವಳು ಕೊಯ್ದು, ಚೂರು ಕಟ್ಟಿ, ನೆಲುವಿಗೆ ಹಾಕಿದಳು.

ಬೀಜ ಮುಗಿದದ್ದನ್ನು ಅವಳು ಹೇಳಿರಲಿಲ್ಲ, ಹಣ್ಣು ಒಂದೇ ಉಳಿದದ್ದೂ ನನಗೆ ಗೊತ್ತಿರಲಿಲ್ಲ. ಕಾಯಿ ಕಟ್ಟಿದ ಆ ಎರಡು ತಿಂಗಳು ನಾನು ಚಾಮರಾಜನಗರದಲ್ಲಿ ನನ್ನ ಮಗಳು ಮೀನಾಳ ಮನೆಯಲ್ಲಿದ್ದೆ. ಯುಗಾದಿ ಕಳೆದ ಎರಡನೆಯ ಭಾನುವಾರ, ಪುಟ್ಟಮಾದಮ್ಮನ ಮಗಳು ಭಾಗ್ಯಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ಫೋನ್ ಬಂದಿದ್ದರಿಂದ ಹಿಂದಿನ ದಿನ ಊರಿಗೆ ಬಂದೆ.

ಗಂಡಿನವರು ಬೇಗೂರಿನವರು. ಹುಡುಗ ಸುನೀಲ್ ಕುಮಾರ್, ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ತಂದೆ ಮರಿಯಪ್ಪ, ಬೇಸಾಯಗಾರರು. ತಾಯಿ ಚಿಕ್ಕತಾಯಮ್ಮ. ಜೊತೆಗೆ ಸಂಬಂಧ ತಂದ ಗಂಗಾಧರಸ್ವಾಮಿ, ಇನ್ನೂ ಮೂವರು ನೆಂಟರು, ಒಟ್ಟು ಏಳು ಜನ. ಭಾಗ್ಯ ಗುಂಡ್ಲುಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಹೋಗುವವಳು, ಶುಚಿ ಜಾಸ್ತಿ. ಮನೆಯನ್ನು ಸೂರಿನಿಂದ ಹೊಸ್ತಿಲಿನವರೆಗೆ ಧೂಳು ಹೊಡೆದಿದ್ದಳು.

ಬಂದವರಿಗೆ ಉಪ್ಪಿಟ್ಟು ಕೊಟ್ಟೆವು. ಅಷ್ಟರಲ್ಲಿ ಕಾಫಿಗೆ ಇಟ್ಟ ಹಾಲು ಒಡೆದುಹೋಯಿತು. ಪುಟ್ಟಮಾದಮ್ಮ ಹಾಲಿಗಾಗಿ ಚೊಂಬು ಹಿಡಿದುಕೊಂಡು ಹಿತ್ತಿಲ ಬಾಗಿಲಿನಿಂದ ಮೇಲಿನ ಬೀದಿಗೆ ಓಡುತ್ತ, "ಅಕ್ಕ, ಅಲ್ಲಿಗಂಟ ಅಣ್ಣು ಕುಯ್ದು ಕೊಡು, ಕೋಣೇಲಿ ಅದೆ" ಎಂದಳು.

ಕೋಣೆಯಲ್ಲಿ ಹುಲ್ಲಿನ ಮೇಲೆ ಎರಡು ಹೈಬ್ರಿಡ್ ಹಣ್ಣಿದ್ದವು, ರಂಗನಾಯಕ ಗುಂಡ್ಲುಪೇಟೆಯಿಂದ ತಂದದ್ದು. ನೆಲುವಿನಲ್ಲಿ ಒಂದು ನಾಟಿ ಇತ್ತು. ಅವಳ ಜೊತೆ ಹೊಲಕ್ಕೆ ಹೋದವಳು ನಾನು, ಚಿಮ್ಮದೆ ಕುಯ್ಯುತ್ತೇನೆಯೇ? ಮೊದಲನೆಯದು ಠಣ್ ಎಂದಿತು. ಎರಡನೆಯದು ಬದ್ ಎಂದಿತು. ಅಂಗಡಿಯವನು ಗಂಡಸರಿಗೆ ಕೊಡುವುದೇ ಹಾಗೆ. ತಲೆಯೆತ್ತಿ ನೆಲುವು ನೋಡಿದೆ. ತೊಟ್ಟಿಗೆ ಚೂರು ಇರಲಿಲ್ಲ. ಬೀಜದ ಹಣ್ಣು ಆಗಲೇ ತೆಗೆದಾಗಿದೆ, ಇದು ತಿನ್ನುವುದಕ್ಕೆ ಎಂದುಕೊಂಡೆ. ಇಳಿಸಿ ಚಿಮ್ಮಿದೆ. ತುಂಬಿದ ಕೊಡ.

ಅಡಿಗೆಮನೆಯಲ್ಲಿ ಕುಯ್ದೆ. ನಾಟಿಯಲ್ಲಿ ಬೀಜ ವಿಪರೀತ, ಮೊದಲ ಸಲ ಬಂದವರು ತುಪುತುಪು ಉಗುಳುತ್ತ ಕೂರುವುದು ಚೆನ್ನಾಗಿರುವುದಿಲ್ಲ ಎಂದು ಚಾಕುವಿನ ತುದಿಯಿಂದ ಮೇಲೆ ಕಾಣುವ ಬೀಜವನ್ನೆಲ್ಲ ತೆಗೆದು ತೆಗೆದು ಕಲಗಚ್ಚಿನ ಬಕೆಟ್ಟಿಗೆ ಹಾಕಿದೆ. ರಂಗನಾಯಕ ಆ ಬಕೆಟ್ಟನ್ನು ಎತ್ತಿಕೊಂಡು ಹೋಗಿ ಹಸುವಿನ ಮುಂದೆ ಇಟ್ಟ. ಹೋಳುಗಳನ್ನು ಎರಡು ತಟ್ಟೆಗೆ ಜೋಡಿಸಿದೆ, ನಾಚಿಕೆಯಲ್ಲಿದ್ದ ಭಾಗ್ಯ ತಟ್ಟೆಯಲ್ಲಿ ಏನಿದೆಯೆಂದೂ ನೋಡದೆ ತೆಗೆದುಕೊಂಡು ಹೋಗಿ ಹಜಾರದಲ್ಲಿ ಕೊಟ್ಟಳು.

ಮರಿಯಪ್ಪ ಒಂದು ಕಚ್ಚು ಕಚ್ಚಿ ಕಣ್ಣರಳಿಸಿದರು. "ಓಹೋ, ಇದು ನಾಟಿ ಕಣಪ್ಪ! ನಾನು ಉಡ್ಗಾಗಿದ್ದಾಗ ತಿಂದಿದ್ದೆ. ಸುನೀಲ, ಬಣ್ಣ ನೋಡ್ಬ್ಯಾಡ, ತಿನ್ನು."

"ಬೀಜ ಇನ್ನೂ ಅವೆ" ಎಂದರು ಚಿಕ್ಕತಾಯಮ್ಮ.

ಆಗ ಪುಟ್ಟಮಾದಮ್ಮ ಹಾಲಿನ ಚೊಂಬು ಹಿಡಿದುಕೊಂಡು ಒಳಗೆ ಬಂದಳು. ಜನರ ಕೈಯಲ್ಲಿದ್ದ ಗುಲಾಬಿ ಹೋಳು ನೋಡಿದಳು. ನನ್ನ ಕಡೆ ತಿರುಗಿದಳು.

"ಅಕ್ಕ, ಇದ್ಯಾವ್ ಅಣ್ಣು?"

"ನೆಲುವಿನದು."

"ಬೀಜ ಎಲ್ಲಿ?"

"ಕಲಗಚ್ಚಿಗೆ ಹಾಕ್ದೆ ಕಣಮ್ಮಿ, ಯಾಕೆ?"

ಅವಳು ಚೊಂಬನ್ನು ನೆಲದ ಮೇಲೆ ಇಟ್ಟು ಕೊಟ್ಟಿಗೆಗೆ ಹೋಗಿ ಬಂದಳು. ಹಸು ಬಕೆಟ್ಟಿನ ತಳವನ್ನು ನೆಕ್ಕುತ್ತಿತ್ತಂತೆ. ಅಡಿಗೆಮನೆಯಿಂದ ಒಂದು ಖಾಲಿ ತಟ್ಟೆ ತೆಗೆದುಕೊಂಡು ನೇರವಾಗಿ ಹಜಾರಕ್ಕೆ ಹೋಗಿ ಮರಿಯಪ್ಪನವರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಳು.

"ಅಣ್ಣ, ಬೀಜವ ನುಂಗ್ಬ್ಯಾಡಿ. ಇದ್ರೊಳಕ್ಕೆ ಉಗೀರಿ."

ಮರಿಯಪ್ಪನವರ ಎರಡು ಕೆನ್ನೆಯೂ ತುಂಬಿತ್ತು. "ಆಂ?" ಎಂದರು.

"ಉಗೀರಿ ಅಂದೆ."

ಅವರು ವಿಧೇಯರಾಗಿ ಉಗುಳಿದರು. "ಆರೇಳು ಒಳಕ್ಕೆ ಓಗ್ಬುಟ್ಟೊ ಕಣವ್ವ" ಎಂದು ತಪ್ಪು ಮಾಡಿದವರ ಹಾಗೆ ಹೇಳಿದರು.

"ಓದವು ಓಗ್ಲಿ. ಇನ್ಮ್ಯಾಕೆ ನುಂಗ್ಬ್ಯಾಡಿ."

ಗಂಗಾಧರಸ್ವಾಮಿ ಉಗುಳಿದರು. ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಉಗುಳಿದರು. ಹುಡುಗನ ಪಾಡು ಹೇಳುವುದು ಬೇಡ. ನೋಡಲು ಬಂದ ಹೆಣ್ಣಿನ ಎದುರಿಗೆ ತಟ್ಟೆಗೆ ಉಗುಳಬೇಕು. ಅವನು ಗೋಡೆಯ ಕಡೆ ತಿರುಗಿ, ಅಂಗೈಗೆ ಉಗುಳಿಕೊಂಡು, ಎರಡು ಬೆರಳಿನಲ್ಲಿ ಒಂದೊಂದೇ ಬೀಜ ಎತ್ತಿ ತಟ್ಟೆಗೆ ಹಾಕಿದ. ಅಲ್ಲಿಯವರೆಗೆ ತಲೆ ಬಗ್ಗಿಸಿ ನಿಂತಿದ್ದ ಭಾಗ್ಯ ಕಿಸಕ್ಕನೆ ನಕ್ಕಳು. ಅವನೂ ನಕ್ಕ.

ಪುಟ್ಟಮಾದಮ್ಮ ತಟ್ಟೆಯನ್ನು ಚಿಕ್ಕತಾಯಮ್ಮನ ಮುಂದೆ ಹಿಡಿದಳು. ಆಯಮ್ಮ ಮುಷ್ಟಿ ಬಿಗಿ ಹಿಡಿದುಕೊಂಡಿದ್ದರು.

"ನಮ್ಮೆಂಜ್ಲು ನಿಮಗ್ಯಾಕೆ?"

"ಬೀಜಕ್ಕೆ ಕಣಕ್ಕ."

"ಬೀಜ ಅಂಗ್ಡೀಲಿ ಸಿಕ್ಕಲ್ವಾ?"

"ಇದು ಸಿಕ್ಕಲ್ಲ. ಇದೊಂದೇ ಅಣ್ಣು ಇದ್ದದ್ದು."

"ಒಂದೇ ಇದ್ದದ್ದ ಕುಯ್ದು ನಮಗೆ ತಿನ್ಸಿ, ಬಾಯಿಂದ ಈಚೆಗೆ ತಗದು ಇಸ್ಕತೀರಾ? ನಾನೂ ನಾಕೂರು ಕಂಡಿವ್ನಿ ಕಣಮ್ಮ. ಎಂಜ್ಲು, ಕೂದ್ಲು, ಉಟ್ಟ ಬಟ್ಟೆ, ಇವ ಯಾತಕ್ಕೆ ಇಸ್ಕತಾರೆ ಅಂತ ನಂಗೂ ಗೊತ್ತು."

ಮಾಟ ಎಂಬ ಮಾತನ್ನು ಆಯಮ್ಮ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನಮ್ಮ ಕಡೆ ಅನ್ಯರ ಮನೆಯಲ್ಲಿ ತಲೆ ಬಾಚಿದರೆ ಉದುರಿದ ಕೂದಲನ್ನು ಕಟ್ಟಿಕೊಂಡು ಬರುವವರು ಈಗಲೂ ಇದ್ದಾರೆ. ಚಿಕ್ಕತಾಯಮ್ಮ ತಮ್ಮ ಬೀಜಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಏಳಿ, ಬಸ್ಸಿಗೆ ಒತ್ತಾಯ್ತು" ಎಂದು ಎದ್ದರು. ಕಾಫಿ ಕುಡಿಯಲಿಲ್ಲ.

ಅವರು ಅತ್ತ ಹೋದದ್ದೇ ರಂಗನಾಯಕ ಹಾರಾಡಿದ.

"ಮಗ್ಳ ನೋಡಕ್ಕೆ ಬಂದೋರ ಬಾಯಿಗೆ ಕೈ ಹಾಕ್ದಲ್ಲಮ್ಮಿ! ನಾಳೆ ಊರೊಳಗೆ ಎಂಗೆ ತಲೆ ಎತ್ಲಿ? ಅತ್ಗೆ, ನೀನಾರ ಒಂದ್ ಮಾತು ಕೇಳ್ಬಾರ್ದಾಗಿತ್ತಾ? ಬೀಜ ನಿನ್ ಕೈಲಿ ನಿಲ್ನಿಲ್ಲ ಅಂತ ಅವ್ಳ ಕೈಲೂ ನಿಲ್ಬಾರ್ದಾ?"

ಕೊನೆಯ ಮಾತು ಅವನು ಬೇಕೆಂದೇ ಆಡಿದ್ದೋ, ಸಿಟ್ಟಿನಲ್ಲಿ ಬಂದದ್ದೋ ಗೊತ್ತಿಲ್ಲ. ತೊಟ್ಟಿಗೆ ಚೂರು ಇರಲಿಲ್ಲ ಎಂದೆ. ಆಗ ಭಾಗ್ಯ ಬಾಯಿ ಬಿಟ್ಟಳು. "ನಾನೇ ಬಿಚ್ಚಾಕ್ದೆ ದೊಡ್ಡವ್ವ. ಧೂಳು ಒಡೀವಾಗ ಕೊಳೆ ಚಿಂದಿ ನೇತಾಡ್ತಿತ್ತು, ಬಂದೋರು ನೋಡ್ದ್ರೆ ಚೆನ್ನಾಗಿರಲ್ಲ ಅಂತ. ಅಣ್ಣು ಮುಟ್ನಿಲ್ಲ."

ಪುಟ್ಟಮಾದಮ್ಮ ಅಡಿಗೆಮನೆಯ ನೆಲದ ಮೇಲೆ ತಿಂದು ಬಿಟ್ಟ ಸಿಪ್ಪೆಗಳನ್ನು ಒಂದೊಂದಾಗಿ ತಿರುವಿ ನೋಡುತ್ತಿದ್ದಳು. ತಲೆ ಎತ್ತದೆ ನನ್ನನ್ನು ಕೇಳಿದಳು.

"ಚಿಮ್ಮಿ ನೋಡ್ದಾ ಅಕ್ಕ?"

"ನೋಡ್ದೆ."

"ಎಂಗಂತು?"

"ಸರಿಯಾಗಿತ್ತು."

"ಸರಿಯಾಗೇ ಇತ್ತದೆ. ಅದ್ಕೇ ಬೀಜಕ್ಕೆ ಬುಟ್ಟಿದ್ದು" ಎಂದಳು. ಆ ವಿಷಯದಲ್ಲಿ ಅವಳು ನನಗೆ ಹೇಳಿದ್ದು ಅಷ್ಟೇ.

ತಟ್ಟೆಯಲ್ಲಿ ಮೂವತ್ತೆಂಟು, ಸಿಪ್ಪೆಯಲ್ಲಿ ಏಳು, ಒಲೆಯ ಮುಂದೆ ನೆಲದಲ್ಲಿ ಎರಡು. ಮೂರು ದಿನ ಹಸುವಿನ ಸಗಣಿಯನ್ನು ಕಡ್ಡಿಯಿಂದ ಕೆದಕಿದಳು. ನಾಲ್ಕು ಸಿಕ್ಕಿದವು, ನಾಲ್ಕೂ ಅಗಿದು ಒಡೆದವು. ಹಣ್ಣು ಇನ್ನೂ ಹದಿನೈದು ದಿನ ನೆಲುವಿನಲ್ಲಿ ಇರಬೇಕಾಗಿತ್ತು, ಆದ್ದರಿಂದ ಬೀಜ ಪೂರ್ತಿ ಬಲಿತಿರಲಿಲ್ಲ. ನೀರಿಗೆ ಹಾಕಿದಾಗ ಅರ್ಧದಷ್ಟು ತೇಲಿದವು. ಮುಳುಗಿದ್ದು ಇಪ್ಪತ್ತಮೂರು. ಅವನ್ನು ಬೂದಿಯಲ್ಲಿ ಉಜ್ಜಿ, ಜಗುಲಿಯ ನೆರಳಲ್ಲಿ ಒಣಗಿಸಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದಳು.

ಜಗುಲಿಯಲ್ಲಿ ಒಣಗಿಸಿದ್ದೇ ತಪ್ಪಾಯಿತು. ಹೋಗಿ ಬರುವವರು ಕಂಡರು, ಮಾತು ಬೇಗೂರಿಗೂ ಮುಟ್ಟಿತು. ಗುರುವಾರ ಗಂಗಾಧರಸ್ವಾಮಿ ಫೋನ್ ಮಾಡಿದರು. ರಂಗನಾಯಕ ಸ್ಪೀಕರ್ ಹಾಕಿದ.

"ಹುಡುಗ ಒಪ್ಕೊಂಡವ್ನೆ. ಮರಿಯಪ್ಪೋರೂ ಒಪ್ಪವ್ರೆ. ಆಯಮ್ಮಂದೇ ತಕರಾರು. ನಮ್ಮೆಂಜ್ಲ ಬೂದೀಲಿ ಉರುಳ್ಸಿ ಬಿಳೀಬಟ್ಟೇಲಿ ಕಟ್ಟವ್ರಂತೆ, ಇದ ಬೀಜ ಅಂತ ನಂಬಕ್ಕೆ ನಾನೇನು ಎಳೆಕೂಸಾ ಅಂತವ್ರೆ. ಆ ಗಂಟು ಆ ಮನೇಲಿರೋಗಂಟ ಸಂಬಂಧದ ಮಾತೇ ಎತ್ಬ್ಯಾಡಿ, ಒಲೆಗೆ ಹಾಕ್ಲಿ ಅಂದ್ರು."

"ಒಲೆ ಉರೀತಾ ಅದೆ, ಈಗ್ಲೇ ಹಾಕ್ತಳೆ ಬುಡಿ" ಎಂದ ರಂಗನಾಯಕ.

ಪುಟ್ಟಮಾದಮ್ಮ ಹಾಕಲಿಲ್ಲ. ರಂಗನಾಯಕ ಆ ದಿನವೆಲ್ಲ ಕೂಗಾಡಿದ. ಇಪ್ಪತ್ತಮೂರು ಬೀಜ ದೊಡ್ಡದೋ ಮಗಳ ಬಾಳು ದೊಡ್ಡದೋ ಎಂದ. ಕೇಳಲು ಅದು ಸರಿಯಾದ ಮಾತೇ. ಸಂಜೆ ಭಾಗ್ಯ ಕೆಲಸದಿಂದ ಬಂದವಳು ಚೀಲ ಇಳಿಸುವ ಮೊದಲೇ ಹೇಳಿದಳು.

"ಒಲೆಗೆ ಹಾಕ್ಬ್ಯಾಡ ಕಣವ್ವ. ಬ್ಯಾರೆ ಗಂಡು ಸಿಕ್ತಾನೆ."

"ಸಿಕ್ತಾನೆ. ಮತ್ತೆ ಅವನ್ನ ನೋಡಿ ಯಾಕೆ ನಕ್ಕೆ?"

ಭಾಗ್ಯ ಮುಖ ತೊಳೆಯಲು ಹೋದಳು. ಪುಟ್ಟಮಾದಮ್ಮ ನೆಲುವಿನ ಹಗ್ಗ ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿ, ಸುಮಾರು ಹೊತ್ತು ಅದೇ ಕೆಲಸ ಮಾಡಿದಳು. ಆಮೇಲೆ ನನ್ನ ಬಾಗಿಲಿಗೆ ಬಂದು, "ಅಕ್ಕ, ನಾಳೆ ಬೇಗೂರಿಗೆ ಓಗನ, ನೀನೂ ಬಾ" ಎಂದಳು.

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ಬೇಗೂರಿಗೆ ಹೋಗುವಾಗ ಹನ್ನೊಂದು ಗಂಟೆ. ಗಂಟು ಅವಳ ಎಲೆಅಡಿಕೆ ಚೀಲದಲ್ಲಿತ್ತು. ಮರಿಯಪ್ಪನವರ ಮನೆ ಹೆದ್ದಾರಿಯಿಂದ ಒಂದು ಬೀದಿ ಹಿಂದೆ. ಅವರು ಬನ್ನಿ ಬನ್ನಿ ಎಂದರು, ಚಿಕ್ಕತಾಯಮ್ಮ ನಡುಮನೆಯ ಬಾಗಿಲಲ್ಲೇ ನಿಂತರು. ಪುಟ್ಟಮಾದಮ್ಮ ಕುಳಿತುಕೊಳ್ಳುವ ಮೊದಲು, ಕೈಕಾಲು ತೊಳೆಯುತ್ತೇನೆಂದು ಹಿತ್ತಿಲಿಗೆ ಹೋದಳು. ಹಿಂದೆ ನಾನೂ ಹೋದೆ. ಸುತ್ತ ಎದೆಮಟ್ಟದ ಇಟ್ಟಿಗೆ ಕಾಂಪೌಂಡು, ಒಂದು ನಲ್ಲಿ, ಬೂದುಗುಂಬಳದ ಒಣಗಿದ ಬಳ್ಳಿ. ಬಿಸಿಲು ಚೆನ್ನಾಗಿತ್ತು. ಅವಳು ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದಕಿ ನೋಡಿದಳು. ಮರಳು ಬೆರೆತ ಕೆಂಪು ಮಣ್ಣು. ಕಾಲು ತೊಳೆದು ಒಳಗೆ ಬಂದಳು.

ಗಂಟನ್ನು ಬಿಚ್ಚಿ ಚಿಕ್ಕತಾಯಮ್ಮನ ಮುಂದೆ ಚಾಪೆಯ ಮೇಲೆ ಇಟ್ಟಳು.

"ಇಪ್ಪತ್ಮೂರು ಅವೆ ಅಕ್ಕ, ಎಣ್ಸ್ಕಳಿ. ನಿಮ್ಮೆಂಜ್ಲು ನಿಮ್ಮನೇಲೇ ಇರ್ಲಿ. ಒಲೆಗಾರ ಹಾಕಿ, ಮಣ್ಗಾರ ಹಾಕಿ. ನನ್ ಕೈಲಿ ಒಲೆಗೆ ಹಾಕಕ್ಕೆ ಆಗ್ನಿಲ್ಲ, ಅದ್ಕೇ ತಂದೆ."

ಚಿಕ್ಕತಾಯಮ್ಮ ಬೀಜ ಮುಟ್ಟಲಿಲ್ಲ.

"ನೀವು ಒಂದೂ ಮಡಿಕ್ಕೊಂಡಿಲ್ವಾ?"

"ಇಲ್ಲ."

"ಆಣೆಗೂ?"

"ಮಾದಪ್ಪನಾಣೆಗೂ."

"ಒಂದೂ ಮಡಿಕ್ಕೊಳ್ದೆ ಎಲ್ಲನೂ ತಂದು ಕೊಟ್ರೆ ನಿಮಗೆ ಬೀಜ?"

"ಇಲ್ಲ. ಮುಗೀತು."

ನಾನು ಚಿಕ್ಕತಾಯಮ್ಮನ ಮುಖವನ್ನೇ ನೋಡುತ್ತಿದ್ದೆ. ಮಾಟ ಮಾಡುವವರು ಸರಕನ್ನು ವಾಪಸು ತಂದು ಕೊಡುವುದನ್ನು ಆಯಮ್ಮ ಯಾವ ಊರಿನಲ್ಲೂ ಕಂಡಿರಲಾರರು. ಒಂದು ಬೀಜ ಎತ್ತಿಕೊಂಡು, ಬೂದಿಯನ್ನು ಉಗುರಿನಿಂದ ಕೆರೆದು, ಬೆಳಕಿಗೆ ಹಿಡಿದು ನೋಡಿದರು.

"ಬೂದಿ ಯಾತಕ್ಕೆ?"

"ಹುಳ ಬೀಳ್ದಂಗೆ."

"ನಾವು ಅವರೇಬೀಜಕ್ಕೆ ಕೆಮ್ಮಣ್ಣು ಹಾಕ್ತೀವಿ" ಎಂದರು ಚಿಕ್ಕತಾಯಮ್ಮ. ಕೈಯಲ್ಲಿದ್ದ ಬೀಜವನ್ನು ಹೊರಳಿಸುತ್ತ, "ಇದ ಮಣ್ಗೆ ಹಾಕ್ದ್ರೆ ಈ ಬಿಸ್ಲಲ್ಲಿ ಬತ್ತದಾ?" ಎಂದು ಕೇಳಿದರು.

"ನೀರಿದ್ರೆ ಬತ್ತದೆ. ನಿಮ್ಗೆ ನಲ್ಲಿ ಅದೆ, ಹಂದಿ ಇಲ್ಲ."

ಮರಿಯಪ್ಪನವರು ಜೋರಾಗಿ ನಕ್ಕರು. "ಹಂದಿ ಇಲ್ಲ ಅಂತ ಯಾಕ್ ಏಳ್ತೀಯವ್ವ, ನಾನಿಲ್ವಾ? ಅಷ್ಟು ಬೀಜ ನುಂಗ್ದೋನು!" ಚಿಕ್ಕತಾಯಮ್ಮ ಅವರನ್ನು ಗದರಿ ಒಳಗೆ ಹೋದರು, ಕಾಫಿ ತಂದು ಕೊಟ್ಟರು. ಸಂಬಂಧದ ಮಾತು ಯಾರೂ ಎತ್ತಲಿಲ್ಲ. ಬೀಜವನ್ನು ಏನು ಮಾಡುತ್ತೇವೆಂದು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಬಸ್ಸಿನಲ್ಲಿ ನಾನು ಮೆಲ್ಲಗೆ ಕೇಳಿದೆ, ನಿಜವಾಗಲೂ ಒಂದೂ ಇಟ್ಟುಕೊಂಡಿಲ್ಲವಾ ಎಂದು. "ಆಣೆ ಮಾಡಿ ಸುಳ್ಳಾಡ್ಲಾ?" ಎಂದಳು. ತೆರಕಣಾಂಬಿಯಲ್ಲಿ ಇಳಿದಾಗ ಖಾಲಿ ಬಿಳಿ ಬಟ್ಟೆಯನ್ನು ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಇಪ್ಪತ್ತು ದಿನ ಯಾವ ಸುದ್ದಿಯೂ ಇರಲಿಲ್ಲ. ರಂಗನಾಯಕ, ಬೀಜವೂ ಹೋಯಿತು ಗಂಡೂ ಹೋಯಿತು ಎಂದು ಎರಡು ಹೊತ್ತೂ ಹೇಳುತ್ತಿದ್ದ. ಇಪ್ಪತ್ತೊಂದನೆಯ ದಿನ ಮರಿಯಪ್ಪನವರ ಫೋನ್ ಬಂತು. ಬಿತ್ತಿದ್ದು ಇಪ್ಪತ್ತಮೂರು, ಎದ್ದದ್ದು ಹದಿನಾಲ್ಕು, ಒಂದು ಗುಣಿಯಲ್ಲಿ ಎಷ್ಟು ಬಿಡಬೇಕು ಎಂದು ಕೇಳಿದರು. ಎರಡು ಎಂದು ಪುಟ್ಟಮಾದಮ್ಮ ಹೇಳಿದಳು. ಬಳ್ಳಿ ಹರಿದಾಗ ಇನ್ನೊಂದು ಫೋನ್ ಬಂತು. ಹೂ ಬಿಟ್ಟಾಗ ಬಂದ ಫೋನಿನಲ್ಲಿ ಚಿಕ್ಕತಾಯಮ್ಮನ ದನಿ ಇತ್ತು. ಕುಡಿ ಚಿವುಟಬೇಕೇ, ಇರುವೆ ಬಂದರೆ ಏನು ಹಾಕಬೇಕು, ಹಣ್ಣಿನ ಕೆಳಗೆ ಹುಲ್ಲು ಹಾಸಬೇಕೇ. ಆಯಮ್ಮನಿಗೆ ಕೇಳುವುದಕ್ಕೆ ಬಿಗುಮಾನ, ಆದ್ದರಿಂದ ಬೈಯುವ ಹಾಗೆ ಕೇಳುತ್ತಿದ್ದರು. ಇವಳು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದಳು.

ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಮದುವೆ ಮಾತು ಆಡುವಂತಿಲ್ಲ. ಕಲ್ಲಂಗಡಿಯ ಮಾತಿಗೆ ಆಷಾಢ ಅಡ್ಡ ಬರುವುದಿಲ್ಲ. ಎರಡು ದಿನಕ್ಕೊಮ್ಮೆ ಫೋನ್ ಬರತೊಡಗಿತು. ಮೂರು ಹಣ್ಣು ನಿಂತಿದ್ದವು. ಕುಡಿ ಒಣಗಿದೆ, ನೆಲದ ಜಾಗ ಹಳದಿಯಾಗಿದೆ, ಆದರೆ ಸದ್ದು ನನಗೆ ತಿಳಿಯುವುದಿಲ್ಲ ಎಂದು ಚಿಕ್ಕತಾಯಮ್ಮ ಒಂದು ಬೆಳಿಗ್ಗೆ ಸೋತು ಹೇಳಿದರು.

"ಫೋನ ಅಣ್ಣಿನ ಮ್ಯಾಗೇ ಮಡಗಿ, ಪಕ್ದಲ್ಲಿ ಚಿಮ್ಮಿ" ಎಂದಳು ಪುಟ್ಟಮಾದಮ್ಮ.

ನಾನು ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಿದ್ದೆ. ಅವಳು ಸ್ಪೀಕರ್ ಹಾಕಿ, ಕಣ್ಣು ಮುಚ್ಚಿ, ಫೋನನ್ನು ಕಿವಿಗೆ ಒತ್ತಿಕೊಂಡಳು. ಹೆದ್ದಾರಿಯಲ್ಲಿ ಯಾವುದೋ ಲಾರಿ ಹಾರನ್ ಹೊಡೆದದ್ದು ನನಗೂ ಕೇಳಿಸಿತು.

"ಲಾರಿ ಓಗ್ಲಿ, ತಡೀರಿ. ಹ್ಞಾ, ಈಗ ಚಿಮ್ಮಿ."

ನನಗೆ ಕೇಳಿಸಿದ್ದು ಟಕ್ ಎಂದು ಅಷ್ಟೇ. ಅವಳಿಗೆ ಏನು ಕೇಳಿಸಿತೋ.

"ಇದು ಆಗದೆ, ನಾಳಿಕ್ಕೆ ಕುಯ್ದು ತಿನ್ನಿ. ಮುಂದ್ಲದು... ಇದು ಇನ್ನೂ ಎಂಟು ದಿನ. ನಲ್ಲಿ ಪಕ್ದದು ಚಿಮ್ಮಿ." ಮೂರನೆಯದನ್ನು ಕೇಳಿ ಅವಳು ಕಣ್ಣು ತೆರೆದಳು. "ಇದ ಬೀಜಕ್ಕೆ ಬುಡಿ."

"ಎಲ್ಲಿಗಂಟ ಬುಡ್ಬೇಕು?"

"ಶ್ರಾವಣ ಉಟ್ಟೋಗಂಟ."

ಆ ಕಡೆ ಮತ್ತೊಂದು ಲಾರಿ ಹೋಯಿತು.

"ಅಂಗಾದ್ರೆ ಶ್ರಾವಣದಲ್ಲಿ ನೀವೇ ಬಂದು ಕುಯ್ಕೊಂಡು ಬೀಜ ತಕ್ಕೊಂಡೋಗಿ. ನಂಗರ್ಧ, ನಿಮಗರ್ಧ. ಬರುವಾಗ ಆ ಉಡ್ಗೀನೂ ಕರ್ಕೊಂಡು ಬನ್ನಿ, ಮನೆ ನೋಡ್ಲಿ."

"ಆಯ್ತಕ್ಕ" ಎಂದಳು ಪುಟ್ಟಮಾದಮ್ಮ. ಫೋನನ್ನು ಕಿಟಕಿಯಲ್ಲಿ ಇಟ್ಟು, ಚೆಂಡು ಹೂ ಬಿಡಿಸಲು ಹೊತ್ತಾಯಿತೆಂದು ಕುಕ್ಕೆ ಎತ್ತಿಕೊಂಡು ಹೊಲಕ್ಕೆ ಹೋದಳು.